ಸುಣ್ಣ ಹಚ್ಚದ ವರ್ಷ

ನಮ್ಮೂರಿನಲ್ಲಿ ಕುರಿ ಈಯುವುದು ಮೊದಲು ಪರದೆಯ ಮೇಲೆ, ಆಮೇಲೆ ಗುಡ್ಡದ ಮೇಲೆ. ಉಣ್ಣೆ ಸಂಘದ ಕಟ್ಟಡದಲ್ಲಿ, ತಕ್ಕಡಿ ತೂಗುಹಾಕಿದ ಕೋಣೆಗೆ ಹೊಂದಿಕೊಂಡಂತೆ ಇನ್ನೊಂದು ಸಣ್ಣ ಕೋಣೆಯಿದೆ. ಅದರಲ್ಲಿ ಒಂದು ಹಳೆಯ ಕಂಪ್ಯೂಟರ್. ವರ್ಷಕ್ಕೊಮ್ಮೆ, ಟಗರು ಬಿಡುವ ಕಾಲಕ್ಕೆ ಮುಂಚೆ, ಪಂಪಣ್ಣ ಮಾಸ್ತರರು ಊರ ಕುರಿಗಳನ್ನೆಲ್ಲ ಅದಕ್ಕೆ ಉಣಿಸಿ ಲೆಕ್ಕ ಓಡಿಸುತ್ತಾರೆ. ದೂರದ ಯಾವುದೋ ಪಟ್ಟಣದ ವಿಜ್ಞಾನಿಗಳು ಮಾಡಿದ ಸಾಫ್ಟ್‌ವೇರ್ ಅದು. ಒಂದು ಹಿಂಡಿನಲ್ಲಿ ಯಾವ ಬಣ್ಣ, ಯಾವ ಗುಣ ಎಷ್ಟು ಪೀಳಿಗೆಯವರೆಗೆ ಉಳಿಯುತ್ತದೆ, ಯಾವುದು ನಡುವೆಯೇ ಅಳಿಯುತ್ತದೆ ಎಂದು ಆಡಿಸಿ ನೋಡುವುದಕ್ಕೆ ಮಾಡಿದ್ದಂತೆ. ಬೇರೆ ಕಡೆ ಅದು ಹೇಳುವುದು ಅಂದಾಜು. ನಮ್ಮೂರಿನಲ್ಲಿ ಮಾತ್ರ ಅದು ಹೇಳಿದ್ದೇ ಆಗುತ್ತದೆ. ಯಾಕೆ ಎಂದು ನಾವು ಕೇಳಿದವರಲ್ಲ. ಮಳೆ ಮೇಲಿನಿಂದಲೇ ಯಾಕೆ ಬೀಳುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ.

ಪರದೆಯ ಮೇಲೆ ಒಂದೊಂದು ಕುರಿ ಒಂದೊಂದು ಕಾಳಿನಷ್ಟು ಬೆಳಕು. ನಾವು ಅದನ್ನು ಕಾಳು ಎಂದೇ ಅನ್ನುವುದು. ಕರಿ ಕುರಿಗೆ ನೀಲಿ ಕಾಳು, ಬೂದಿ ಕುರಿಗೆ ಬೂದಿ ಕಾಳು. ಯಾವ ಕಾಳಿನಿಂದ ಯಾವ ಕಾಳು ಸಿಡಿಯಿತೋ ಆ ತಾಯಿಗೆ ಆ ಮರಿ. ಹೀಗಾಗಿ ನಮ್ಮಲ್ಲಿ ಕುರಿ ಈಯುವಾಗ ಮುಳ್ಳುಬೇಲಿಯ ರೊಪ್ಪದಲ್ಲಿ ಯಾರೂ ಕಾಯುತ್ತ ಕೂಡುವುದಿಲ್ಲ. ಬದುಕುವ ಮರಿ ಬದುಕುತ್ತದೆ, ಹೋಗುವುದು ಹೋಗುತ್ತದೆ. ನಿದ್ದೆ ಕೆಡಿಸಿಕೊಂಡು ಮಾಡುವುದೇನು. ಕೂಸು ಹುಟ್ಟಿ ತೊಟ್ಟಿಲಿಗೆ ಹಾಕಿದ ದಿನ, ಇನ್ನೂ ಹುಟ್ಟದ ಒಂದು ಮರಿಯನ್ನು ಪರದೆಯಲ್ಲಿ ತೋರಿಸಿ ಅದರ ಹೆಸರಿಗೆ ಬಿಡುತ್ತಾರೆ. ಅದು ತೊಟ್ಟಿಲ ಮರಿ. ಹುಟ್ಟದ ಮರಿಗಾಗಿ ಜಗಳ ಆಡಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಇದ್ದಾರೆ.

ಇನ್ನೊಂದು ಪದ್ಧತಿ ಸುಣ್ಣದ್ದು. ಪರದೆಯಲ್ಲಿ ಯಾವ ಬಣ್ಣದ ಕಾಳು ಪೂರ್ತಿ ಆರಿತೋ, ಆ ಬಣ್ಣದ ಉಳಿದ ಕುರಿಗಳ ಬೆನ್ನಿಗೆ ಕುತ್ತಿಗೆಯಿಂದ ಬಾಲದವರೆಗೆ ಸುಣ್ಣದ ಒಂದು ಗೆರೆ ಎಳೆಯಬೇಕು. ಆಮೇಲೆ ಅವಕ್ಕೆ ಟಗರು ಬಿಡುವಂತಿಲ್ಲ. ಅವು ಊರೊಟ್ಟಿನ ರೊಪ್ಪಕ್ಕೆ ಹೋಗಿ, ಮುದಿಯಾಗಿ, ಮುಗಿಯುತ್ತವೆ. ಆ ಉಣ್ಣೆಯಿಂದ ನೇಯುತ್ತಿದ್ದ ಮನೆಯವರು ಮಗ್ಗದ ಕುಣಿಗೆ ಮಣ್ಣು ತುಂಬಿ ನೆಲ ಸಾರಿಸುತ್ತಾರೆ. ನೇಕಾರ ಕಾಲಿಳಿಬಿಟ್ಟು ಕೂಡುವ ಆ ಕುಣಿ ಇಲ್ಲದೆ ಕಂಬಳಿ ಮಗ್ಗ ಇಲ್ಲ. ನಮ್ಮೂರ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅಂಗಾಲಿಗೆ ಮಾತ್ರ ತಿಳಿಯುವಂಥ ಒಂದು ತಗ್ಗು ಇದೆ. ಮಣ್ಣು ಎಷ್ಟು ಧಿಮ್ಮಸು ಹಾಕಿದರೂ ವರ್ಷವರ್ಷ ಸ್ವಲ್ಪ ಕುಸಿಯುತ್ತದೆ.

ನಾನು ಅಡಿವೆವ್ವ. ಊರಿನಲ್ಲಿ ಬೂದಿ ಕುರಿ ಉಳಿದದ್ದು ನನ್ನ ರೊಪ್ಪದಲ್ಲಿ ಮಾತ್ರ, ಅದೂ ನಾಲ್ಕೇ. ಬೂದಿ ಟಗರು ಹೋದ ವರ್ಷ ಹಾವು ಕಚ್ಚಿ ಸತ್ತಿತ್ತು. ಅದನ್ನೂ ಪರದೆ ಮೊದಲೇ ಹೇಳಿತ್ತು. ಬೂದಿ ಕುರಿಯ ಗುಣ ವಿಚಿತ್ರ. ಮರಿ ಹುಟ್ಟುವಾಗ ಇದ್ದಿಲಿನಷ್ಟು ಕಪ್ಪು, ಕರಿ ಕುರಿಯ ಮರಿಗೂ ಅದಕ್ಕೂ ಗುರುತು ಹತ್ತುವುದಿಲ್ಲ. ಮೊದಲ ಸಲ ಉಣ್ಣೆ ಕತ್ತರಿಸುವ ಹೊತ್ತಿಗೆ ಬುಡದಿಂದ ಬೂದಿ ಮೇಲೇರುತ್ತದೆ. ತಾಯಿ ಬೂದಿಯಾದರೆ ಮರಿಯೂ ಬೂದಿಯಾಗಬೇಕೆಂದಿಲ್ಲ. ಇಣುಕಿದರೆ ಇಣುಕಿತು, ಇಲ್ಲದಿದ್ದರೆ ಇಲ್ಲ. ಆ ಉಣ್ಣೆಯ ಕಂಬಳಿ ಬಾಣಂತಿಯ ಮಂಚಕ್ಕೇ ಆಗಬೇಕು. ನನ್ನ ಅವ್ವ ನೇಯ್ದಳು, ನಾನು ನೇಯ್ದೆ. ಹುಣಸೆ ಬೀಜದ ಸರಿ, ಅಂದರೆ ಗಂಜಿ, ಹಚ್ಚಿ ಬಿಸಿಲಿಗೆ ಎಳೆದು ಕಟ್ಟಿದ ಬೂದಿ ನೂಲಿನ ಹಾಸು ನಮ್ಮ ಅಂಗಳದಲ್ಲಿ ಇಲ್ಲದ ವರ್ಷ ನನಗೆ ನೆನಪಿಲ್ಲ.

ಆ ವರ್ಷ ಲೆಕ್ಕ ಓಡಿಸಿದ ದಿನ ಬೂದಿ ಕಾಳು ಆರಿದವು.

ಬಣ್ಣ ಆರಿದ ಮನೆಯವರಿಗೆ ಒಂದು ಹಕ್ಕಿದೆ. ಸುಣ್ಣ ಹಚ್ಚುವ ಮೊದಲು ಇನ್ನೊಮ್ಮೆ ಹೋಗಿ ಪರದೆಯಲ್ಲಿ ನೋಡಬಹುದು. ಅದಕ್ಕೆ ಮುಖ ನೋಡುವುದು ಎನ್ನುತ್ತೇವೆ, ಸತ್ತವರನ್ನು ಮಣ್ಣಿಗಿಡುವ ಮೊದಲು ನೋಡಿದ ಹಾಗೆ. ಮರುದಿನ ಮುಂಜಾನೆ ನಾನು ಒಬ್ಬಳೇ ಹೋದೆ. ನನ್ನ ಗಂಡ ಭೀಮಶಿ ಬರುತ್ತೇನೆಂದ. “ಬ್ಯಾಡ್ರಿ, ನೀವು ಅತ್ತರ ನನಗೂ ಅಳು ಬರತೈತಿ” ಎಂದು ಬಿಟ್ಟು ಹೋದೆ. ಪಂಪಣ್ಣ ಮಾಸ್ತರರು ಸಾಲಿ ಕಲಿಸಿ ನಿವೃತ್ತರಾದವರು, ಸಾವಕಾಶದ ಮನುಷ್ಯ. ಕನ್ನಡಕ ಒರೆಸಿ, ಮತ್ತೆ ಒರೆಸಿ, ಲೆಕ್ಕ ಓಡಿಸಿದರು. ನಿನ್ನೆ ಕಂಡದ್ದೇ ಕಂಡಿತು. ನನ್ನ ನಾಲ್ಕು ಕಾಳು ಎಡಗಡೆಯ ಮೂಲೆಯಲ್ಲಿದ್ದವು. ಅವುಗಳಿಂದ ಸಿಡಿದದ್ದೆಲ್ಲ ನೀಲಿ. ಒಂದೊಂದಾಗಿ ಬೂದಿ ಆರಿ, ಕೊನೆಯದು ಸ್ವಲ್ಪ ಹೊತ್ತು ನಿಂತು ಆರಿತು.

“ಇನ್ನೊಮ್ಮೆ ಓಡಿಸ್ರಿ” ಎಂದೆ.

“ಎಷ್ಟು ಸಲ ಓಡಿಸಿದ್ರೂ ಇದ ಬರೂದು, ಅಡಿವೆವ್ವ. ನಾ ಇಲ್ಲಿ ಕುಂತಾಗಿಂದ ಎರಡನೇ ಸಲ ಬ್ಯಾರೆ ಬಂದದ್ದು ನೋಡಿಲ್ಲ.” ಹಾಗೆಂದರೂ ಓಡಿಸಿದರು. ಅದೇ ಬಂತು. ಕೊನೆಯ ಕಾಳು ಹಿಂದೆ ನಿಂತಷ್ಟೇ ಹೊತ್ತು ನಿಂತು ಆರಿತು. ಮಾಸ್ತರರು ಮುಚ್ಚಲು ಹೋದಾಗ ಪರದೆಯ ಕೆಳಗೆ ಏನೋ ಒಂದು ಸಣ್ಣ ಚೌಕ ಬಂತು. ಅವರು ನೊಣ ಓಡಿಸುವಂತೆ ಅದನ್ನು ಮುಚ್ಚಿದರು.

“ಏನ್ರಿ ಅದು?”

“ಅಪ್‌ಡೇಟ್. ಆ ವಿಜ್ಞಾನಿಗಳು ಆವಾಗಾವಾಗ ಕಳಸತಾರ. ಎರಡು ತಿಂಗಳಾತು, ದಿನಾ ಬರತೈತಿ, ದಿನಾ ಮುಚ್ಚತೀನಿ. ಸಣ್ಣದಂತ ಅವರ ಬರದಾರ.”

“ಏನ ಬರದಾರ, ಓದ್ರಿ ಒಂದೀಟು.” ನನಗೆ ಅದರ ಮೇಲೆ ಆಸೆಯಿತ್ತು ಎಂದಲ್ಲ. ಮನೆಗೆ ಹೋಗುವುದನ್ನು ತುಸು ಮುಂದಕ್ಕೆ ಹಾಕಬೇಕಿತ್ತು, ಅಷ್ಟೆ.

ಮಾಸ್ತರರು ಅದನ್ನು ತೆರೆದು ನಮ್ಮ ಮಾತಿಗೆ ತಿರುಗಿಸಿ ಓದಿದರು. “ಅಕ್ಷರ ದೊಡ್ಡದು ಮಾಡೂ ಸೌಲಭ್ಯ ಕೊಟ್ಟೀವಿ, ಅಂತ. ಛಲೋ ಆತು, ನನ್ನ ಕಣ್ಣಿಗೆ ಬೇಕಿತ್ತು. ಮುಚ್ಚುವಾಗ ತಡ ಆಗತಿತ್ತು, ಅದನ್ನ ಸರಿ ಮಾಡೀವಿ, ಅಂತ. ಆಮ್ಯಾಲೆ, ಹಿಂದಿನದರಾಗ ಒಂದು ಸಣ್ಣ ತಪ್ಪಿತ್ತಂತ. ಲೆಕ್ಕ ಪ್ರತಿ ಸಲ ಒಂದ ಜಾಗಾದಿಂದ ಸುರು ಆಗತಿತ್ತು, ಅದಕ್ಕ ಎಷ್ಟು ಸಲ ಓಡಿಸಿದ್ರೂ ಒಂದ ಉತ್ತರ ಬರತಿತ್ತು. ಇನ್ನ ಮ್ಯಾಲೆ ಹಂಗಾಗೂದಿಲ್ಲ, ಅಂತ. ಮುಗೀತು.”

“ಕಡೀದ್ದು ಮತ್ತ ಓದ್ರಿ.”

ಮತ್ತೆ ಓದಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು. ಕನ್ನಡಕ ತೆಗೆದು ಈ ಸಲ ಒರೆಸದೆ ಕೈಯಲ್ಲೇ ಹಿಡಿದುಕೊಂಡರು.

“ಅಂದ್ರ, ಬ್ಯಾರೆ ಜಾಗಾದಿಂದ ಸುರು ಮಾಡಿದ್ರ ಬ್ಯಾರೆ ಉತ್ತರ ಬರಬಹುದಿತ್ತು.”

“ಬರಬಹುದಿತ್ತು. ಬರದನೂ ಇರಬಹುದಿತ್ತು.”

“ಹಾಕ್ರಿ ಅದನ್ನ.”

“ನನ್ನ ಮನಿ ಗಡಿಯಾರೇನ ಇದು, ಮನಸಿಗೆ ಬಂದಾಗ ಮುಳ್ಳು ತಿರುವಾಕ? ಹಿರ್ಯಾರು ಹೂಂ ಅನಬೇಕು. ನಿಮ್ಮತ್ತಿ ಹೂಂ ಅನಬೇಕು.”

ನಮ್ಮತ್ತೆ ಎಂದರೆ ಕೆಂಚವ್ವ, ನಮ್ಮಪ್ಪನ ಅಕ್ಕ, ಸಂಘಕ್ಕೆ ಹಿರಿಯಳು. ಕಣ್ಣು ಮಂಜಾಗಿವೆ, ಮಾತು ಮಂಜಾಗಿಲ್ಲ. ನಾನು ಅಲ್ಲಿಂದ ನೆಟ್ಟಗೆ ಅವಳ ಮನೆಗೇ ಹೋದೆ. ಕದಿರು ಹಿಡಿದು ಕರಿ ಉಣ್ಣೆ ನೂಲುತ್ತಿದ್ದಳು. ಅವಳ ಮಂಚ ಇದ್ದದ್ದು ಪಡಸಾಲೆಯ ಆ ತಗ್ಗಿನ ಮೇಲೆ. ಒಂದು ಕಾಲಿಗೆ ಒರಗು ಕಲ್ಲು ಕೊಟ್ಟಿತ್ತು. ಅತ್ತೆಯದು ಒಂದು ಕಾಲಕ್ಕೆ ಜೇನು ಬಣ್ಣದ ಕುರಿಗಳ ಮನೆ. ನಾನು ಹುಟ್ಟುವ ಮೊದಲೇ ಪರದೆಯಲ್ಲಿ ಜೇನು ಆರಿತಂತೆ. ಹೊಸದಾಗಿ ಬಂದ ಸೊಸೆ ಅವಳು. ಮನೆಯಲ್ಲಿ ಎಲ್ಲರೂ ಅಳುತ್ತ ಕೂತಾಗ ಎದ್ದು ತಾನೇ ಸುಣ್ಣ ಕಲಸಿದವಳು. ಆ ಉಣ್ಣೆಯ ಒಂದು ಕಂಬಳಿ ಇನ್ನೂ ಇದೆ. ಕೂತಾಗ ತೊಡೆಯ ಮೇಲೆ ಹಾಕಿಕೊಳ್ಳುತ್ತಾಳೆ.

ನಾನು ಹೇಳಿದ್ದನ್ನೆಲ್ಲ ಕೇಳಿದಳು. ಕದಿರು ನಿಲ್ಲಿಸಲಿಲ್ಲ. “ಸಣ್ಣ ತಪ್ಪು ಅಂತ ಅವರ ಬರದಾರಲ್ಲ.”

“ಅವರಿಗೆ ಸಣ್ಣದು ಅತ್ತಿ.”

“ನಿನಗಷ್ಟ ದೊಡ್ಡದಾತೇನ? ಕಮ್ಮಾರ್ರ ಮನಿ ಚುಕ್ಕಿ ಕುರಿ ಹೋದ್ವು. ಹೊಳಿಕಡಿಯವರ ಸುರುಳಿ ಕೋಡಿನ ಟಗರು ಹೋದ್ವು. ಯಾರೂ ಪರದೆ ತಿದ್ದರಿ ಅನ್ನಲಿಲ್ಲ. ಎಲ್ಲಾರೂ ಸುಣ್ಣ ಹಚ್ಚಿ ಸುಮ್ಮನಾದ್ರು.”

“ಅವರಿಗೆ ಗೊತ್ತಿರಲಿಲ್ಲ. ನನಗ ಗೊತ್ತಾತು. ಗೊತ್ತಾಗಿ ಸುಮ್ಮನಿರು ಅಂದ್ರ ಹ್ಯಾಂಗಿರಲಿ?”

ಆಗ ಕದಿರು ನಿಂತಿತು. “ಅಡಿವೆವ್ವಾ, ನೀ ನಾಲ್ಕು ಕುರಿ ಉಳಿಸಿಕೊಳ್ಳಾಕ ಹೊಂಟೀ. ಊರಾಗಿನ ಮಂದಿ ಕಳಕೊಂಡಿದ್ದನ್ನ ಹಣೇಬಾರ ಅಂದು ನುಂಗ್ಯಾರ. ಅದು ಹಣೇಬಾರ ಅಲ್ಲ ಅಂತ ಅವರ ಬಾಯಾಗ ಕೈ ಹಾಕಿ ಹೊರಗ ತಗೀತೀಯೇನ?”

ತೊಡೆಯ ಮೇಲಿನ ಜೇನು ಕಂಬಳಿಯನ್ನು ನೋಡಿದೆ. ಅದರ ಅಂಚು ಎಷ್ಟು ಸಲ ಬಿಚ್ಚಿತ್ತೋ, ಕರಿ ನೂಲಿನಲ್ಲಿ ಹೊಲಿದಿದ್ದಳು. “ಸಭೆ ಕರಿ ಅತ್ತಿ” ಎಂದೆ. “ಹುಣ್ಣಿವಿಗೆ ಸುಣ್ಣ ಹಚ್ಚಬೇಕಲ್ಲ, ಅವತ್ತ ಕರಿ. ಅಪ್‌ಡೇಟ್ ಹಾಕಿ ಒಮ್ಮೆ ಓಡಿಸ್ರಿ. ಅದರಾಗೂ ಬೂದಿ ಆರಿತಂದ್ರ ನನ್ನ ಕೈಯಾರೆ ನಾನ ಗೆರಿ ಎಳೀತೀನಿ. ಮಗ್ಗದ ಕುಣಿಗೆ ಮೊದಲ ಬುಟ್ಟಿ ಮಣ್ಣೂ ನಂದ.”

“ನಮ್ಮಣ್ಣತಮ್ಮರ ಮನಿಯಾಗ ಎಲ್ಲಾರೂ ಹಿಂಗ” ಎಂದಳು ಅತ್ತೆ. “ಕುತ್ತಿಗಿಗೆ ಹಗ್ಗ ಹಾಕ್ಕೊಂಡ ಮಾತಾಡೂದು.” ಕರೆಯುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಹೊಸಲು ದಾಟುವಾಗ ಹಿಂದಿನಿಂದ, “ಸುಣ್ಣ ಛಲೋ ಕಲಸಿ ತಗೊಂಬಾ, ನೀರು ನೀರು ಮಾಡಬ್ಯಾಡ” ಎಂಬ ಮಾತು ಬಂತು. ಕರೆಯುತ್ತಾಳೆ ಎಂದು ತಿಳಿಯಿತು.

ಆ ದಿನಗಳಲ್ಲಿ ಭೀಮಶಿ ನನ್ನೊಂದಿಗೆ ಜಗಳವಾಡಲಿಲ್ಲ. ಅದು ಅವನ ಸ್ವಭಾವವೂ ಅಲ್ಲ. ಮಗ್ಗದ ಕುಣಿಯ ಪಕ್ಕ ಒಂದು ದಿನ ಕೆಂಪು ಮಣ್ಣಿನ ಗುಡ್ಡೆ ಕಂಡಿತು. ಕೇಳಿದರೆ, “ಬೇಕಾದ್ರ ಇರಲಿ ಅಂತ ತಂದೆ. ಬ್ಯಾಡಾದ್ರ ಬದನಿ ಮಡಿಗೆ ಹಾಕತೀನಿ” ಎಂದ. ನನಗೆ ಸಿಟ್ಟು ಬಂತು. ಆದರೆ ಅವನು ಮಣ್ಣನ್ನು ಜರಡಿ ಹಿಡಿದು, ಕಲ್ಲು ಆಯ್ದು, ಮೆತ್ತಗೆ ಮಾಡಿಟ್ಟಿದ್ದ. ನಾನು ಮಗ್ಗದಲ್ಲಿ ಇಳಿದು ಕೂತು, ಉಳಿದ ಬೂದಿ ನೂಲಿಗೆ ಹೊಸ ಹಾಸು ಹೂಡಿದೆ. ಅರ್ಧ ನೇಯ್ದ ಕಂಬಳಿ ಇರುವ ಕುಣಿಗೆ ಮಣ್ಣು ಹಾಕುವುದಕ್ಕೆ ಯಾರಿಗೂ ಕೈ ಬರುವುದಿಲ್ಲ ಎಂಬ ಲೆಕ್ಕ ನನ್ನದು.

ಹುಣ್ಣಿಮೆಯ ದಿನ ಸಂಘದ ಮುಂದಿನ ಬೇವಿನ ಗಿಡಕ್ಕೆ ನನ್ನ ನಾಲ್ಕು ಕುರಿ ಕಟ್ಟಿದೆ. ಪಕ್ಕದಲ್ಲಿ ಸುಣ್ಣದ ಗಡಿಗೆ, ಅದರಲ್ಲಿ ನಾರಿನ ಕುಂಚ. ಒಳಗೆ ಜನ ಉಣ್ಣೆ ಮೂಟೆಗಳ ಮೇಲೆಲ್ಲ ಕೂತಿದ್ದರು. ಮಾತು ಶುರು ಮಾಡಿದವನು ಜಕ್ಕಪ್ಪ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಕರಿ ಹಿಂಡು ಅವನದು, ಬಾಯಿಯೂ ಅಷ್ಟೇ ದೊಡ್ಡದು. “ನಮ್ಮ ತಂಗಿ ಅಡಿವೆವ್ವ ಪರದಿಗೆ ಔಷಧ ಕುಡಸಾಕ ಬಂದಾಳಂತ” ಎಂದ. “ಪರದಿಗೆ ಜಡ್ಡು ಬಂದಿಲ್ಲವ್ವ. ಜಡ್ಡು ಬಂದದ್ದು ನಿನ್ನ ಕುರಿಗೆ.”

“ಔಷಧ ಕುಡದು ಪರದೆ ಸತ್ತರ ನನ್ನ ಕುರೀನ ಬರಕೊಡತೀನಿ, ಹೆದರಬ್ಯಾಡೋ ಅಣ್ಣ” ಎಂದೆ. ನಕ್ಕರು. ಆದರೆ ನಗದವರೂ ಇದ್ದರು. ಚುಕ್ಕಿ ಕುರಿ ಕಳೆದುಕೊಂಡ ಮನೆಯ ಮುದುಕ ಎದ್ದು, “ಆ ಅಪ್‌ಡೇಟ್ ಹಾಕಬ್ಯಾಡ್ರಿ. ನಾ ಸಾಯೂತನಾ ತಡೀರಿ, ಆಮ್ಯಾಲೆ ಏನಾರ ಮಾಡ್ಕೊರಿ” ಎಂದು ಕೂತ. ಅವನ ಕಡೆ ನೋಡಲು ನನಗೆ ಆಗಲಿಲ್ಲ. ಆದರೂ ನಾನು ಕೂಡಲಿಲ್ಲ. ನನ್ನ ಮಾತನ್ನು, ಅತ್ತೆಯ ಮುಂದೆ ಆಡಿದ್ದನ್ನೇ, ಎಲ್ಲರ ಮುಂದೆ ಆಡಿದೆ. ಗೆರೆಯ ಮಾತು, ಮಣ್ಣಿನ ಮಾತು ಎರಡನ್ನೂ. ಅತ್ತೆ ಮೂಟೆಗೆ ಬೆನ್ನು ಕೊಟ್ಟು ಕೂತಿದ್ದಳು. “ಪಂಪಣ್ಣಾ, ಹಾಕು” ಎಂದಳು.

ಅಪ್‌ಡೇಟ್ ಕೂತದ್ದು ಬೀಸುಕಲ್ಲಿನ ಒಂದು ಹಾಡು ಮುಗಿಯುವಷ್ಟು ಹೊತ್ತಿನಲ್ಲಿ. ಪರದೆಯಲ್ಲಿ ಒಂದು ಗೆರೆ ಎಡದಿಂದ ಬಲಕ್ಕೆ ತುಂಬಿತು. ಅಕ್ಷರ ದೊಡ್ಡವಾದವು. ಇಷ್ಟಕ್ಕೇನಾ ಎನ್ನುವ ಹಾಗೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರು ಲೆಕ್ಕ ಓಡಿಸಿದರು. ನನ್ನ ನಾಲ್ಕು ಕಾಳು ಅದೇ ಮೂಲೆಯಲ್ಲಿ. ಅವುಗಳಿಂದ ಮರಿ ಸಿಡಿದವು. ಒಂದು ಬೂದಿ. ಆದರೆ ಮುಂದಿನ ಪೀಳಿಗೆಗೆ ಅದು ದಾಟಲಿಲ್ಲ. ಅದೂ ಆರಿತು, ಉಳಿದವೂ ಆರಿದವು.

ನಾನು ಹೊರಗೆ ನಡೆದೆ. ಮಾತು ಕೊಟ್ಟಾಗಿತ್ತು. ಕುಂಚವನ್ನು ಗಡಿಗೆಯಲ್ಲಿ ಅದ್ದಿ, ಎತ್ತಿ, ಅಂಚಿಗೆ ಒರೆಸಿದೆ. ಹಿರಿಯ ಕುರಿ ನನ್ನ ಸೆರಗು ಮೂಸಿತು, ಉಪ್ಪು ತಂದಿದ್ದೇನೆ ಎಂದು. ಅದರ ಕುತ್ತಿಗೆಯ ಮೇಲೆ ಎಡಗೈ ಇಟ್ಟೆ. ಆಗ ಒಳಗಿಂದ ಜಕ್ಕಪ್ಪನ ದನಿ ಕೇಳಿತು. “ಏ ಮಾಸ್ತರ, ನನ್ನವು ತೋರಸು ಒಂದೀಟು. ಮೊಮ್ಮಗಳ ತೊಟ್ಟಿಲ ಮರಿ ಎಲ್ಲೈತಿ?”

ಮಾಸ್ತರರು ಹುಡುಕಿದರು. ಆ ಮರಿ ಇರಲಿಲ್ಲ. ಹೋದ ಸಲದ ಲೆಕ್ಕದಲ್ಲಿ ಅವಳಿ ಹಾಕಿದ್ದ ಕುರಿ ಈ ಸಲ ಬರಡು ನಿಂತಿತ್ತು.

“ಇಲ್ಲಂದ್ರ? ಕೂಸಿನ ಹೆಸರಿಗೆ ಬಿಟ್ಟೀನಿ. ಬೀಗರ ಮುಂದ ತೋರಿಸೀನಿ. ಇನ್ನೊಮ್ಮೆ ಓಡಸು.”

“ಒಮ್ಮೆ ಅಂತ ಮಾತಾಗಿತ್ತು ಜಕ್ಕಪ್ಪ.”

“ಆಕಿ ಮಾತು ಆಕೀದು. ನಂದು ನಾ ಎಲ್ಲಿ ಕೊಟ್ಟೀನಿ? ಓಡಸು ಅಂದ್ರ ಓಡಸು. ಏ ಅಡಿವೆವ್ವಾ, ಕೈ ಬಿಗಿ ಹಿಡಿಯವ್ವ, ಈಗ ಹಚ್ಚಬ್ಯಾಡ.”

ನಾನು ಕುಂಚ ಎತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಸುಣ್ಣ ಮೊಣಕೈವರೆಗೆ ಇಳಿಯುತ್ತಿತ್ತು. ಲೆಕ್ಕ ಮತ್ತೆ ಓಡಿತು. ಜಕ್ಕಪ್ಪನ ಮರಿ ಹುಟ್ಟಿತು. ಬೂದಿ ಎರಡಾಯಿತು, ಐದಾಯಿತು, ಮೂಲೆ ಬಿಟ್ಟು ನಡುವಿಗೆ ಬಂತು, ಪರದೆ ನಿಲ್ಲುವವರೆಗೂ ಆರಲಿಲ್ಲ. ಆದರೆ ಈ ಸಲ ಬೇರೆ ಯಾರದೋ ಹಿಂಡು ಕರಗಿತ್ತು. ಅವರು ಎದ್ದು ಇನ್ನೊಮ್ಮೆ ಎಂದರು. ಮತ್ತೊಮ್ಮೆ ಓಡಿತು. ಬೇರೆಯದೇ ಬಂತು. ಆಮೇಲೆ ಎಲ್ಲರೂ ಕೂಗುವವರೇ. ನನ್ನದು ನೋಡು, ನನ್ನದು ನೋಡು. ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಒಂದೇ ಕೀಲಿಯನ್ನು ಒತ್ತುತ್ತಿದ್ದರು. ಹಬ್ಬಕ್ಕೆ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಲೆಕ್ಕಗಳು ಏಳುತ್ತಿದ್ದವು, ಒಂದರಂತೆ ಒಂದಿಲ್ಲ.

“ಎಲ್ಲಾರೂ ಕುಂಡ್ರಿ” ಎಂದಳು ಅತ್ತೆ. ದನಿ ಏರಿಸಲಿಲ್ಲ. ಕೂತರು. “ಪಂಪಣ್ಣಾ, ಹಳೇ ವರ್ಷದ ಕುರಿ ಅದರಾಗ ಅದಾವೇನ? ನಾ ಸೊಸಿ ಆಗಿ ಬಂದ ವರ್ಷದ್ದು.”

“ಅದಾವ ಯವ್ವಾ. ಆದ್ರ ಯಾಕ?”

“ನನ್ನ ಜೇನು ಓಡಸು.”

ಮಾಸ್ತರರು ನನ್ನ ಕಡೆ ನೋಡಿದರು. ಜೇನು ಬಣ್ಣದ ಕಾಳುಗಳನ್ನು ನಾನು ಪರದೆಯಲ್ಲಿ ನೋಡಿದ್ದು ಅದೇ ಮೊದಲು. ಅತ್ತೆಗೆ ಕಾಣುವುದಿಲ್ಲ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, “ಹೇಳು” ಎಂದಳು. ಹೇಳಿದೆ. ಮೊದಲ ಸಲ ಆರಿತು. ಅವಳ ಮುಖ ಹಗುರವಾಯಿತು. ಅದು ನನಗೆ ಕಂಡಿತು. “ಇನ್ನೊಮ್ಮೆ” ಎಂದಳು. ಎರಡನೆಯ ಸಲವೂ ಆರಿತು. “ಇನ್ನೊಮ್ಮೆ.” ಈ ಸಲ ಜೇನು ನಿಂತಿತು. ಬರೀ ನಿಲ್ಲಲಿಲ್ಲ, ಹಬ್ಬಿತು. ನಾನು ಸುಳ್ಳು ಹೇಳಿಬಿಡಲೇ ಎಂದುಕೊಂಡೆ. ಆದರೆ ಅವಳ ಕೈ ನನ್ನ ಸುಣ್ಣದ ಕೈಯ ಮೇಲಿತ್ತು, ಅದು ಕುಂಚವನ್ನು ಬಿಗಿಯಾಗಿ ಹಿಡಿದದ್ದು ಅವಳಿಗೆ ತಿಳಿಯಿತು.

“ಉಳೀತೇನು?”

“ಉಳೀತು ಅತ್ತಿ.”

ಇನ್ನೂ ಎಷ್ಟೋ ಸಲ ಓಡಿಸಿದಳು. ಒಮ್ಮೆ ಆರಿತು, ಒಮ್ಮೆ ಉಳಿಯಿತು. ಕೊನೆಗೆ ಅವಳೇ ಕೈ ಎತ್ತಿ ಸಾಕು ಎಂದಳು. ತೊಡೆಯ ಮೇಲಿನ ಕಂಬಳಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಇಷ್ಟು ವರ್ಷ ಪರದೆ ಕಸಗೊಂತು ಅಂತ ತಿಳಕೊಂಡಿದ್ದೆ” ಎಂದಳು. “ಪರದೆ ಕಸಗೊಂಡಿಲ್ಲ. ನಾ ಕೊಟ್ಟೆ. ಸುಣ್ಣ ಹಚ್ಚಿದ್ದು ನನ್ನ ಕೈ.”

ಚುಕ್ಕಿ ಕುರಿಯ ಮುದುಕ ತಲೆ ತಗ್ಗಿಸಿ ಕೂತಿದ್ದ. ಅತ್ತೆ ಅವನ ಕಡೆ, ಅವನು ಕೂತ ಅಂದಾಜಿನ ಕಡೆ, ಮುಖ ಮಾಡಿ, “ನೀನೂ ಕೊಟ್ಟಿ ಮಾರಾಯಾ. ಎದಿ ಗಟ್ಟಿ ಇದ್ದವರು ಕೊಟ್ಟೀವಿ. ಕಸಗೊಂಡ್ರು ಅಂದ್ರ ತಿರುಕರಾಗತೀವಿ. ಕೊಟ್ಟೀವಿ ಅಂದ್ರ ಏನಿಲ್ಲಂದ್ರೂ ನಮ್ಮದಿತ್ತು ಅಂದಂಗಾತು” ಎಂದಳು. ಅವನು ಎದ್ದು ಹೋಗಲಿಲ್ಲ. ಆಮೇಲೆ ಅತ್ತೆ ನನ್ನ ಕೈಯಿಂದ ಕುಂಚ ಕಿತ್ತುಕೊಂಡಳು. “ಗಡಿಗಿ ನಮ್ಮನಿಗೆ ಕಳಸು. ಗ್ವಾಡಿಗೆ ಸುಣ್ಣ ಬೇಕಾಗಿತ್ತು.”

ಆ ವರ್ಷ ನಮ್ಮೂರಿನಲ್ಲಿ ಯಾವ ಕುರಿಯ ಬೆನ್ನಿಗೂ ಸುಣ್ಣ ಬೀಳಲಿಲ್ಲ. ಅತ್ತೆಯ ಮನೆಯ ಮುಂಗೋಡೆ ಮಾತ್ರ ದೂರದ ಗುಡ್ಡಕ್ಕೂ ಕಾಣುವಷ್ಟು ಬೆಳ್ಳಗಾಯಿತು.

ಸಲೀಸಾಯಿತೆಂದು ತಿಳಿಯಬೇಡಿ. ಅವತ್ತು ಓಡಿಸಿದ ಲೆಕ್ಕಗಳಲ್ಲಿ ಗುಡ್ಡ ಯಾವುದನ್ನು ಹಿಡಿಯುತ್ತದೆ, ಯಾವುದನ್ನಾದರೂ ಹಿಡಿಯುತ್ತದೆಯೇ ಎಂದು ಯಾರಿಗೂ ಗೊತ್ತಿರಲಿಲ್ಲ. ಜಕ್ಕಪ್ಪ ಬೀಗರ ಮನೆಗೆ ಹೋಗಿ, “ಮರಿ ಹುಟ್ಟಿದ್ರ ಕೂಸಿಂದು, ಹುಟ್ಟಲಿಲ್ಲಂದ್ರ ಕೂಸಿಗೆ ಕುರೀನ ಕೊಡತೀನಿ” ಎಂದು ಹೇಳಿ ಬರಬೇಕಾಯಿತು. ಆ ಮಾತಿಗೆ ಅವನ ಹೆಂಡತಿ ಒಂದು ವಾರ ಅವನಿಗೆ ಬಿಸಿ ರೊಟ್ಟಿ ಬಡಿಯಲಿಲ್ಲ. ಈಯುವ ಕಾಲ ಬಂದಾಗ ಇಡೀ ಊರು ರೊಪ್ಪಗಳಲ್ಲಿ ಹೋಗಿ ಕೂತಿತು. ಆದರೆ ಕೂತು ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಕೆಚ್ಚಲು ಬಿಗಿದರೆ ಎಷ್ಟು ಹೊತ್ತಿಗೆ ಈಯುತ್ತದೆ, ಮರಿ ಅಡ್ಡ ಬಂದರೆ ಹೇಗೆ ತಿರುಗಿಸಬೇಕು, ಎಲ್ಲ ಮರೆತಿತ್ತು. ಪರದೆ ಬರುವ ಮೊದಲಿನ ಕಾಲದಲ್ಲಿ ಕುರಿ ಈಯಿಸಿದ್ದವಳು ಅತ್ತೆಯೊಬ್ಬಳೇ. ಮಂಜುಗಣ್ಣಿನ ಮುದುಕಿಯನ್ನು ಮಂಚದ ಸಮೇತ ಒಂದು ರೊಪ್ಪದಿಂದ ಇನ್ನೊಂದಕ್ಕೆ ಹೊತ್ತುಕೊಂಡು ತಿರುಗಿದರು. ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು ಕೈ ಹಾಕಿ, “ಮುಂಗಾಲು ಸಿಕ್ತು, ತಲಿ ಹಿಂದೈತಿ, ನಿಂದರ್ರಿ” ಎನ್ನುತ್ತಿದ್ದಳು. ಹೆಂಗಸರಿಗೆಲ್ಲ ಕಲಿಸಿದಳು. ಜಕ್ಕಪ್ಪನೂ ಕಲಿತ. ಮೊದಲ ಸಲ ಅವನ ಕೈಯಲ್ಲಿ ಮರಿ ಕೆಮ್ಮಿದಾಗ ಆ ದೊಡ್ಡ ಬಾಯಿಯಿಂದ ಒಂದು ಮಾತೂ ಬರಲಿಲ್ಲ ಎಂದು ಅವನ ಹೆಂಡತಿಯೇ ಹೇಳಿದಳು. ಅವತ್ತು ಬಿಸಿ ರೊಟ್ಟಿ ಸಿಕ್ಕಿತಂತೆ.

ನನ್ನ ನಾಲ್ಕು ಕುರಿಗಳಿಗೆ ಕರಿ ಟಗರು ಬಿಟ್ಟಿದ್ದೆ. ನಾಲ್ಕು ಮರಿಯಾದವು, ನಾಲ್ಕೂ ಇದ್ದಿಲಿನಷ್ಟು ಕಪ್ಪು. ಒಂದು ಹಾಲು ಹಿಡಿಯಲಿಲ್ಲ. ಹಿಂದೆಲ್ಲ ಹೋಗುವ ಮರಿ ಇದು ಎಂದು ಮೊದಲೇ ತಿಳಿದು ಮುಟ್ಟದೆ ಬಿಡುತ್ತಿದ್ದೆವು. ಇದನ್ನು ಭೀಮಶಿ ಎದೆಗೆ ಕಟ್ಟಿಕೊಂಡು ಬತ್ತಿಯಿಂದ ಹಾಲು ಕುಡಿಸಿದ. ಆದರೂ ಹೋಯಿತು. ಬದನೆ ಮಡಿಗೆಂದು ಒಯ್ದಿದ್ದ ಜರಡಿ ಮಣ್ಣು ಇನ್ನೂ ಮಿಕ್ಕಿತ್ತು, ಅದನ್ನೇ ಅದರ ಮೇಲೆ ಹಾಕಿ ಬಂದ. ಉಳಿದ ಮೂರು ಮರಿಗಳನ್ನು ದಿನಾ ಬಿಸಿಲಿಗೆ ಹಿಡಿದು ಉಣ್ಣೆ ಸರಿಸಿ ನೋಡಬೇಕೆಂದು ನನ್ನ ಕೈ ತುರಿಸುತ್ತಿತ್ತು. “ಬೇಯೂ ಅನ್ನಕ್ಕ ಮುಚ್ಚಳ ತಗದು ತಗದು ನೋಡಿದ್ರ ಅದೂ ಬೇಯೂದಿಲ್ಲ” ಎಂದು ಅತ್ತೆ ಬೈದಳು. ಬಿಟ್ಟೆ. ಮಗ್ಗದಲ್ಲಿ ಆ ಅರ್ಧ ಕಂಬಳಿ ಹಾಗೇ ಇತ್ತು, ನೂಲು ಮುಗಿದಿತ್ತು.

ಉಣ್ಣೆ ಕತ್ತರಿಸುವ ದಿನ ಅತ್ತೆ ತಾನೇ ನಡೆದುಕೊಂಡು ಬಂದಳು, ಕೋಲು ಊರುತ್ತ. ಅಂಗಳದಲ್ಲಿ ಗೋಣಿ ಹಾಸಿ ಮೊದಲ ಮರಿಯನ್ನು ಕೆಡವಿದೆ. ಭುಜದ ಹತ್ತಿರ ಎರಡು ಹೆಬ್ಬೆರಳಿಂದ ಉಣ್ಣೆ ಬಿಡಿಸಿದೆ. ಬುಡದವರೆಗೆ ಕಪ್ಪು. ಕತ್ತರಿಸಿ ಬಿಟ್ಟೆ. ಎರಡನೆಯದು. ಕಪ್ಪು. ಭೀಮಶಿ ಇನ್ನೊಂದು ಕತ್ತರಿಯನ್ನು ಕಲ್ಲಿಗೆ ಉಜ್ಜುತ್ತ ತಲೆ ಎತ್ತಲಿಲ್ಲ. ಮೂರನೆಯದು ಹೆಣ್ಣು, ನಿಂತಲ್ಲಿ ನಿಲ್ಲದ್ದು. ಅತ್ತೆ ಅದನ್ನು ತೊಡೆಯ ಮೇಲೆ, ಜೇನು ಕಂಬಳಿಯ ಮೇಲೆ, ಅದುಮಿ ಹಿಡಿದಳು. ಉಣ್ಣೆ ಬಿಡಿಸಿದೆ. ಮೇಲೆ ಕಪ್ಪು. ಕೆಳಗೆ, ಚರ್ಮಕ್ಕೆ ಹತ್ತಿದಲ್ಲಿ, ಮುಂಜಾನೆ ಒಲೆ ಬಗೆದಾಗ ಕಾಣುವ ಬಣ್ಣ.

ಅತ್ತೆಯ ಬೆರಳು ಹಿಡಿದು ಅಲ್ಲಿ ಇಟ್ಟೆ.

“ಬೆರಳಿಗೆ ಬಣ್ಣ ತಿಳಿಯಾಂಗಿದ್ರ ನಿನ್ನ ಯಾಕ ಕೇಳತಿದ್ದೆ? ಬಾಯಿ ಬಿಟ್ಟು ಹೇಳು.”

“ಬೂದಿ, ಅತ್ತಿ.”

“ಹೂಂ.” ಅವಳು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಮರಿ ಅವಳ ಸೆರಗು ಅಗಿಯಲು ಶುರು ಮಾಡಿತು. “ಇದಕ್ಕ ಮುಂದ ಯಾವ ಟಗರು ಬಿಡತೀ? ಜಕ್ಕಪ್ಪನ ಟಗರು ಮೈಯಾಗ ಛಲೋ ಐತಿ. ಆದ್ರ ಅವನ ಹಿಂಡು ಪೂರಾ ಕರಿ. ನಿನ್ನ ರೊಪ್ಪದಾಗಿನ ಇವ ಎರಡು ಕರಿ ಮರಿ ಬೂದಿ ತಾಯಿ ಹೊಟ್ಟೀವು, ಗಂಡ, ಹೆಣ್ಣ?”

“ಗೊತ್ತಿಲ್ಲ ಅತ್ತಿ. ಅಂದ್ರ, ಗಂಡು ಅದಾವ. ಯಾವುದನ್ನ ಬಿಡಬೇಕು ಗೊತ್ತಿಲ್ಲ. ಏನ ಹುಟ್ಟತೈತೋ ಅದೂ ಗೊತ್ತಿಲ್ಲ.”

ನಮ್ಮೂರಿನಲ್ಲಿ ಕುರಿಯ ವಿಷಯಕ್ಕೆ ಗೊತ್ತಿಲ್ಲ ಎಂಬ ಮಾತು ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಭೀಮಶಿ ಕತ್ತರಿ ಉಜ್ಜುವುದನ್ನು ನಿಲ್ಲಿಸಿದ. ಅತ್ತೆ ಮರಿಯ ಬಾಯಿಂದ ಸೆರಗು ಬಿಡಿಸಿಕೊಂಡು, ಅದರ ಕಿವಿಯ ಹಿಂದೆ ತುರಿಸಿದಳು.

“ಛಲೋ ಆತು” ಎಂದಳು. “ಕತ್ತರಿ ಅಲ್ಲಿಡು. ಕುಂಡ್ರು ಬಾ, ವಿಚಾರ ಮಾಡೋಣು.”